ದುಡ್ಡು ಎಲ್ಲಿಂದ ಅನ್ನೋ ಮೊದಲು, ಇದು ಯಾರ ಕೈಯಲ್ಲಿದೆ ಅಂತ ಕೇಳಿ

ಓದುಗರ ಪ್ರಶ್ನೆ: ಚುನಾವಣೆ ಬಂದರೆ ನಮ್ಮ ಕೊಡಗಿನ ಗೋಣಿಕೊಪ್ಪ ಕಡೆ ಪಕ್ಷಗಳ ಆರ್ಥಿಕ ಯೋಜನೆ ಬಗ್ಗೆ ಜೋರು ವಾದ. ಕಾಫಿಗೆ ಬೆಲೆ ಕೊಡಿಸ್ತೀವಿ, ಪಂಪ್‌ಸೆಟ್ ಬಿಲ್ ತೆಗೀತೀವಿ, ರೈಲು ತರ್ತೀವಿ ಅಂತಾರೆ. ದುಡ್ಡು ಎಲ್ಲಿಂದ ಅಂದ್ರೆ ‘ಅದನ್ನ ನಾವು ನೋಡ್ಕೋತೀವಿ’ ಅಂತಾರೆ. ನಾವು ಏನು ಕೇಳಬೇಕು?

ದುಡ್ಡಿನ ಪ್ರಶ್ನೆ ಸರಿಯೇ. ಆದರೆ ಅದು ಎರಡನೆಯದು. ಮೊದಲು ಕೇಳಬೇಕಾದ್ದು, ‘ಇದು ನಿಮ್ಮ ಕೈಯಲ್ಲಿದೆಯಾ?’

ಕಾಫಿಯನ್ನೇ ತಗೊಳ್ಳಿ. 1990ರ ದಶಕದ ಮಧ್ಯದವರೆಗೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಗೇ ಕೊಡಬೇಕಿತ್ತು. ಈಗ ಮಾರುಕಟ್ಟೆ ಮುಕ್ತ. ಕಣದಲ್ಲಿ ಒಣಗಿಸಿ 50 ಕೆ.ಜಿ. ಚೀಲಕ್ಕೆ ತುಂಬಿದ ರೊಬಸ್ಟಾ ತಳಿಯ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಬೆಲೆ ಲಂಡನ್ ಮಾರುಕಟ್ಟೆ ನೋಡಿಕೊಂಡು ಏರಿಳಿಯುತ್ತದೆ. ಇನ್ನೊಂದು ತಳಿ ಅರೇಬಿಕಾಕ್ಕೆ ನ್ಯೂಯಾರ್ಕ್ ಮಾರುಕಟ್ಟೆ. ವಿಯೆಟ್ನಾಂನಲ್ಲಿ ಬರ ಬಂದರೆ, ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ನಮ್ಮ ವಿರಾಜಪೇಟೆ ವ್ಯಾಪಾರಿ ಹೇಳುವ ರೇಟು ಬದಲಾಗುತ್ತದೆ. ಕಾಫಿ ಮಂಡಳಿ ಇರುವುದು ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ. ವಿಧಾನಸಭೆಗೆ ನಿಂತವರು ಬೆಲೆ ಕೊಡಿಸ್ತೀವಿ ಅಂದರೆ, ಹೇಗೆ ಅಂತ ಬಿಡಿಸಿ ಹೇಳಲೇಬೇಕು.

ಕಾಳುಮೆಣಸಿನ ಆಮದೂ ಹಾಗೇ. 2017ರ ಡಿಸೆಂಬರ್‌ನಲ್ಲಿ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿದ್ದು ಕೇಂದ್ರ. ರೈಲೂ ಕೇಂದ್ರದ್ದೇ. ಇವೆಲ್ಲ ಲೋಕಸಭೆ ಚುನಾವಣೆಯಲ್ಲಿ ಮೈಸೂರು-ಕೊಡಗು ಅಭ್ಯರ್ಥಿಗೆ ಕೇಳಬೇಕಾದ್ದು. ಮಡಿಕೇರಿ, ವಿರಾಜಪೇಟೆ ಶಾಸಕರಾಗಲು ಬಂದವರ ಹತ್ತಿರ ಇದರ ಬಗ್ಗೆ ಜಗಳ ಆಡಿದರೆ ಗಂಟಲು ಒಣಗುತ್ತದೆ ಅಷ್ಟೇ.

ಪಂಪ್‌ಸೆಟ್ ಬಿಲ್ ಮಾತ್ರ ಪೂರ್ತಿ ರಾಜ್ಯದ ಕೈಯಲ್ಲಿದೆ. ಅದಕ್ಕೇ ಅದನ್ನು ಬಿಡಬಾರದು. ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕದಿದ್ದರೆ ರೊಬಸ್ಟಾ ಮೊಗ್ಗು ಗಿಡದಲ್ಲೇ ಕರಕಲಾಗುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. 10 ಎಚ್‌ಪಿ ಮೋಟರ್ ಅಂದರೆ ಗಂಟೆಗೆ ಸುಮಾರು ಏಳೂವರೆ ಯೂನಿಟ್. ದಿನಕ್ಕೆ 10 ಗಂಟೆ, 20 ದಿನ ಓಡಿದರೆ 1,500 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಂಡರೂ 10,500 ರೂಪಾಯಿ. ಮೂರು ಎಕರೆಯವರಿಗೆ ಇದು ದೊಡ್ಡ ಮೊತ್ತ. ಭತ್ತದ ಗದ್ದೆಯ ರೈತರಿಗೆ ಸಿಗುವ ಉಚಿತ ವಿದ್ಯುತ್ ನಮಗೆ ಯಾಕಿಲ್ಲ ಅನ್ನುವ ಬೆಳೆಗಾರರ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ. ಅದು ನ್ಯಾಯವಾದ ಪ್ರಶ್ನೆ ಅಂತಲೇ ನನ್ನ ಅಭಿಪ್ರಾಯ.

ಇನ್ನು ದುಡ್ಡಿಗೆ ಬರೋಣ. ಬಿಲ್ ಮನ್ನಾ ಅಂದರೆ ಕರೆಂಟ್ ಪುಕ್ಕಟೆ ಹುಟ್ಟುತ್ತದೆ ಅಂತಲ್ಲ. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ, ರಿಯಾಯಿತಿ ಕೊಡುವ ರಾಜ್ಯ ಸರ್ಕಾರ ಆ ಹಣವನ್ನು ವಿದ್ಯುತ್ ಕಂಪನಿಗೆ ಮುಂಗಡವಾಗಿ ಕಟ್ಟಬೇಕು. ನಮ್ಮ ಜಿಲ್ಲೆಗೆ ಅಂದರೆ ಸೆಸ್ಕ್‌ಗೆ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ). ಹಾಗಾಗಿ ಕೇಳುವ ಪ್ರಶ್ನೆ ಸುಲಭ. ‘ಬಜೆಟ್‌ನಲ್ಲಿ ಸೆಸ್ಕ್‌ಗೆ ಎಷ್ಟು ಇಡ್ತೀರಿ? ಎಷ್ಟು ಎಕರೆಯವರೆಗೆ? ನಾವು ಮೊದಲು ಬಿಲ್ ಕಟ್ಟಿ ಆಮೇಲೆ ವಾಪಸ್ ಪಡೀಬೇಕಾ, ಇಲ್ಲ ಬಿಲ್ಲೇ ಬರಲ್ವಾ?’ ಕೊನೆಯದನ್ನು ಸುಮ್ನೆ ಬಿಡಬೇಡಿ. ಕಟ್ಟಿ ವಾಪಸ್ ಪಡೆಯುವುದು ಅಂದರೆ ಅರ್ಜಿ, ಪಹಣಿ, ಕಚೇರಿ, ಅಲೆದಾಟ. ಜಂಟಿ ಖಾತೆಯ ಜಮ್ಮಾ ಜಾಗ (ಕೊಡಗಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು) ಇರುವ ಮನೆಯವರಿಗೆ ಇದರ ಕಷ್ಟ ಗೊತ್ತು.

ಸರ್ಕಾರಕ್ಕೆ ದುಡ್ಡು ಬರುವ ದಾರಿ ಮೂರೇ. ತೆರಿಗೆ ಏರಿಸಬೇಕು, ಸಾಲ ಮಾಡಬೇಕು, ಇಲ್ಲ ಬೇರೆ ಕೆಲಸಕ್ಕೆ ಕತ್ತರಿ ಹಾಕಬೇಕು. ಸಾಲಕ್ಕೆ ಮಿತಿ ಇದೆ. ಕರ್ನಾಟಕದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ವಿತ್ತೀಯ ಕೊರತೆಯನ್ನು, ಅಂದರೆ ಸಾಲ ಮಾಡಿ ತುಂಬಬೇಕಾದ ಖರ್ಚನ್ನು, ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ ಇಡಿ ಅನ್ನುತ್ತದೆ. ಜಿಎಸ್‌ಟಿ ದರ ಒಂದೇ ರಾಜ್ಯ ಬದಲಿಸೋಕಾಗಲ್ಲ. ಉಳಿಯೋದು ಪೆಟ್ರೋಲ್-ಡೀಸೆಲ್, ಮದ್ಯ, ನೋಂದಣಿ ಶುಲ್ಕ, ವಾಹನ ತೆರಿಗೆ.

2023ರ ಐದು ಗ್ಯಾರಂಟಿಗಳು ಇದಕ್ಕೆ ಹತ್ತಿರದ ಉದಾಹರಣೆ. 2024-25ರ ಬಜೆಟ್ ಸುಮಾರು 3.71 ಲಕ್ಷ ಕೋಟಿ. ಅದರಲ್ಲಿ ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ, ಅಂದರೆ ಏಳು ರೂಪಾಯಿಯಲ್ಲಿ ಒಂದು. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಹೆಂಗಸಿನ ಕೈಗೆ ತಿಂಗಳಿಗೆ 2,000 ಬಂದರೆ ಅದರ ಬೆಲೆ ಏನು ಅಂತ ಸಿದ್ದಾಪುರ ಸಂತೆಯಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ. ಆದರೆ ಉಚಿತ ಬಸ್ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮಲ್ಲಿ ಎಷ್ಟೋ ಊರಿಗೆ ಖಾಸಗಿ ಬಸ್ಸೇ ಗತಿ, ಅಲ್ವಾ? 2024ರ ಜೂನ್‌ನಲ್ಲಿ ರಾಜ್ಯ ಮಾರಾಟ ತೆರಿಗೆ ಏರಿಸಿದಾಗ ಡೀಸೆಲ್ ಲೀಟರ್‌ಗೆ ಸುಮಾರು 3 ರೂಪಾಯಿ ಜಾಸ್ತಿ ಆಯಿತು. ಡೀಸೆಲ್ ಪಂಪ್‌ನಲ್ಲಿ ತೋಟಕ್ಕೆ ನೀರು ಹಾಯಿಸುವವರು ಅದನ್ನೂ ಕಟ್ಟಿದರು. ‘ಈ ಯೋಜನೆ ನಮ್ಮ ಊರಿಗೆ ಮುಟ್ಟೋದು ಹೇಗೆ’ ಅಂತ ಎಲ್ಲ ಪಕ್ಷದವರಿಗೂ ಕೇಳಬೇಕು ಅನ್ನೋದು ಇದಕ್ಕೇ.

‘ನಾವು ನೋಡ್ಕೋತೀವಿ’ ಅನ್ನುವ ಉತ್ತರ ಒಪ್ಪಬೇಕಾಗಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಚುನಾವಣಾ ಆಯೋಗ ಪ್ರಣಾಳಿಕೆಗೂ ಮಾರ್ಗಸೂಚಿ ಮಾಡಿದೆ. ಭರವಸೆಗೆ ಕಾರಣ ಏನು, ಹಣ ಹೊಂದಿಸುವ ದಾರಿ ಯಾವುದು ಅಂತ ಸ್ಥೂಲವಾಗಿಯಾದರೂ ಪಕ್ಷ ತಿಳಿಸಬೇಕು. ಭರವಸೆ ಈಡೇರಿಸಲಿಲ್ಲ ಅಂತ ಶಿಕ್ಷೆ ಕೊಡುವ ಕಾನೂನು ಇಲ್ಲ, ನಿಜ. ಆದರೆ ಮುಂದಿನ ಸಭೆಯಲ್ಲಿ ಪ್ರಣಾಳಿಕೆಯ ಪುಸ್ತಕವನ್ನೇ ಕೈಯಲ್ಲಿ ಹಿಡಿದು, ‘ಹಣದ ದಾರಿ ಯಾವ ಪುಟದಲ್ಲಿದೆ, ತೋರಿಸಿ’ ಅಂತ ಕೇಳಬಹುದು. ಜೊತೆಗೆ ಹೋದ ಮಾರ್ಚ್‌ನ ಪಂಪ್ ಬಿಲ್ ಕೂಡ ಜೇಬಲ್ಲಿರಲಿ.