ಆಲ್ಪ್ಸ್‌ನ ತಂಗುಮನೆಗೆ ಹತ್ತಿ ಅದೇ ದಿನ ಇಳಿಯಬಹುದೇ?

ಪ್ರಶ್ನೆ: ನಾವು ಮೂಡಿಗೆರೆ ಸಮೀಪದವರು. ನನಗೆ 51, ನಮ್ಮ ಯಜಮಾನರಿಗೆ 57 ವರ್ಷ. ಕಾಫಿ ತೋಟದ ಏರಿಳಿತದಲ್ಲಿ ದಿನವೂ ನಡೆದು ಅಭ್ಯಾಸವಿದೆ. ಮುಳ್ಳಯ್ಯನಗಿರಿಯನ್ನು ಸರ್ಪದಾರಿಯಿಂದ ಹಲವು ಸಲ, ಕುದುರೆಮುಖವನ್ನು ಎರಡು ಸಲ ಹತ್ತಿದ್ದೇವೆ. ಜುಲೈ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಎತ್ತರದ ಪರ್ವತದ ಮೇಲಿನ ತಂಗುಮನೆಯೊಂದಕ್ಕೆ ಬೆಳಗ್ಗೆ ಹೊರಟು ಸಂಜೆ ವಾಪಸು ಬರಲು ಸಾಧ್ಯವೇ? ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆಯಂತೆ.

ಉತ್ತರ: ನಿಮ್ಮ ಕಾಲುಗಳ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಅದೇ ದಿನ ಇಳಿಯುವ ಯೋಜನೆಯನ್ನು ಬಿಟ್ಟು, ಮೇಲೆ ಒಂದು ರಾತ್ರಿ ಉಳಿದು ಬನ್ನಿ ಎಂದೇ ನಾನು ಹೇಳುತ್ತೇನೆ. ಹೋದ ದಿನವೇ ಇಳಿಯುವುದು ನಮ್ಮ ಜಿಲ್ಲೆಯ ಚಾರಣಿಗರಿಗೆ ರೂಢಿಯಾಗಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನವಾದ್ದರಿಂದ ಶಿಖರದ ದಾರಿಯಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಅನುಮತಿ ಪಡೆದು ಮುಳ್ಳೋಡಿಯಿಂದ ಹೊರಟವರು ಹೋಗಿ ಬರುವ ಸುಮಾರು ಇಪ್ಪತ್ತು ಕಿಲೋಮೀಟರನ್ನು ಸಂಜೆಯೊಳಗೆ ಮುಗಿಸಲೇಬೇಕು. ಆಲ್ಪ್ಸ್‌ನ ವ್ಯವಸ್ಥೆ ಇದಕ್ಕೆ ತದ್ವಿರುದ್ಧವಾದುದು. 1863ರಲ್ಲಿ ಸ್ಥಾಪನೆಯಾದ ಸ್ವಿಸ್ ಆಲ್ಪೈನ್ ಕ್ಲಬ್ ಅದೇ ವರ್ಷ ತನ್ನ ಮೊದಲ ತಂಗುಮನೆಯನ್ನು ಕಟ್ಟಿಸಿತು. ಇಂದು ಅಂಥ ಸುಮಾರು 150 ಮನೆಗಳು ಅದರ ಆಡಳಿತದಲ್ಲಿವೆ. ಒಂದು ಹಗಲಿನಲ್ಲಿ ಮುಗಿಯದ ಎತ್ತರವನ್ನು ಎರಡು ಹಗಲಿಗೆ ಹಂಚುವುದಕ್ಕಾಗಿಯೇ ಅವುಗಳನ್ನು ಕಟ್ಟಿದ್ದಾರೆ.

ಬರ್ನ್‌ನಿಂದ ಹೋಗಲು ಅನುಕೂಲವಾದ ಬ್ಲೂಮ್ಲಿಸಾಲ್ಪ್ ತಂಗುಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ ಪ್ರಯಾಣ ಮಾಡಿದರೆ 1,176 ಮೀಟರ್ ಎತ್ತರದ ಕಾಂಡರ್‌ಸ್ಟೆಗ್ ಎಂಬ ಊರು ಸಿಗುತ್ತದೆ. ಅಲ್ಲಿಂದ ರೋಪ್‌ವೇ ನಿಮ್ಮನ್ನು ಸುಮಾರು 1,680 ಮೀಟರಿಗೆ ಏರಿಸುತ್ತದೆ. ಅಲ್ಲಿಂದ ನೂರು ಮೀಟರ್ ಇಳಿದರೆ ಓಶಿನೆನ್ ಸರೋವರ. ಸರೋವರದ ಉತ್ತರದ ದಂಡೆಯಲ್ಲಿ ಸಾಗಿ, ದನ ಮೇಯುವ ಹುಲ್ಲುಗಾವಲುಗಳನ್ನು ದಾಟಿ, ಹಿಮನದಿ ಹಿಂದೊಮ್ಮೆ ತಂದು ರಾಶಿ ಹಾಕಿದ ಕಲ್ಲುಮಣ್ಣಿನ ದಿಬ್ಬದ ಮೇಲೆ ಏರುತ್ತ ಹೋದರೆ 2,778 ಮೀಟರ್ ಎತ್ತರದ ಹೋಟ್ಯೂರ್ಲಿ ಕಣಿವೆದಾರಿ ತಲುಪುತ್ತೀರಿ. ತಂಗುಮನೆ ಅದರ ಪಕ್ಕದಲ್ಲಿ, ಸುಮಾರು 2,840 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಆ ಎತ್ತರವನ್ನು ದಾಟಿದ ಮೇಲೂ ನೀವು ಇನ್ನೂ ಒಂಬೈನೂರು ಮೀಟರ್ ಹತ್ತಬೇಕಾಗುತ್ತದೆ.

ಈಗ ಸಮಯದ ಲೆಕ್ಕ. ಆಲ್ಪ್ಸ್‌ನಲ್ಲಿ ಬಳಕೆಯಲ್ಲಿರುವ ಒಂದು ಸರಳ ಸೂತ್ರದ ಪ್ರಕಾರ ಸಾಮಾನ್ಯ ಚಾರಣಿಗರು ಗಂಟೆಗೆ 300 ಮೀಟರ್ ಏರುತ್ತಾರೆ, 500 ಮೀಟರ್ ಇಳಿಯುತ್ತಾರೆ, ಸಮತಟ್ಟಿನಲ್ಲಿ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಎತ್ತರಕ್ಕೆ ಹಿಡಿಯುವ ಸಮಯ ಮತ್ತು ದೂರಕ್ಕೆ ಹಿಡಿಯುವ ಸಮಯ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಹೆಚ್ಚಿನದಕ್ಕೆ ಕಡಿಮೆಯದರ ಅರ್ಧವನ್ನು ಕೂಡಿಸಬೇಕು. ಸರೋವರದಿಂದ ತಂಗುಮನೆಗೆ ಏರು ಸುಮಾರು 1,260 ಮೀಟರ್, ಅಂದರೆ ನಾಲ್ಕು ಗಂಟೆಗೆ ಸ್ವಲ್ಪ ಹೆಚ್ಚು. ಏಳೆಂಟು ಕಿಲೋಮೀಟರ್ ದೂರಕ್ಕೆ ಎರಡು ಗಂಟೆ, ಅದರ ಅರ್ಧ ಒಂದು. ಹತ್ತಲು ಐದು ಗಂಟೆಗೂ ಮಿಕ್ಕಿ ಬೇಕು. ಇದೇ ರೀತಿಯಲ್ಲಿ ಇಳಿಯಲು ಮೂರೂವರೆ ಗಂಟೆ. ಚುರುಕಾಗಿ ನಡೆಯುವವರು ಇದಕ್ಕಿಂತ ಬೇಗ ತಲುಪುತ್ತಾರೆ, ಆದರೆ ಪರಿಚಯವಿಲ್ಲದ ದಾರಿಗೆ ಮೊದಲ ಸಲ ಹೋಗುವವರು ಚುರುಕಿನವರ ಲೆಕ್ಕವನ್ನು ನೆಚ್ಚಬಾರದು. ಬೆಳಗ್ಗೆ ಏಳಕ್ಕೆ ಬರ್ನ್ ಬಿಟ್ಟರೆ ನಡಿಗೆ ಶುರುವಾಗುವುದು ಒಂಬತ್ತರ ಸುಮಾರಿಗೆ. ದಾರಿಯ ವಿಶ್ರಾಂತಿಯೂ ಸೇರಿ ತಂಗುಮನೆ ಮುಟ್ಟುವಾಗ ಮಧ್ಯಾಹ್ನ ಮೂರಾಗುತ್ತದೆ. ತಕ್ಷಣ ತಿರುಗಿ ಹೊರಟರೂ ಕೆಳಗೆ ಬರುವ ಹೊತ್ತಿಗೆ ಕೊನೆಯ ರೋಪ್‌ವೇ ಹೋಗಿರುತ್ತದೆ, ದಣಿದ ಮೊಣಕಾಲುಗಳಿಗೆ ಕಾಂಡರ್‌ಸ್ಟೆಗ್‌ವರೆಗಿನ ಇನ್ನೂ ನಾನೂರು ಮೀಟರ್ ಇಳಿತ ಬಾಕಿ ಉಳಿದಿರುತ್ತದೆ.

ಬೆಳಕಿನ ಬಗ್ಗೆ ನೀವು ಕೇಳಿದ್ದು ನಿಜ. ಜುಲೈ ಮಧ್ಯದಲ್ಲಿ ನಮ್ಮಲ್ಲಿ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ಅಲ್ಲಿ ಹದಿನೈದು ಗಂಟೆಗೂ ಹೆಚ್ಚು. ಆದರೆ ಅಲ್ಲಿಯ ಚಾರಣಿಗರು ದಿನವನ್ನು ಸೂರ್ಯಾಸ್ತದಿಂದ ಅಳೆಯುವುದಿಲ್ಲ, ಮಧ್ಯಾಹ್ನದ ಗುಡುಗಿನಿಂದ ಅಳೆಯುತ್ತಾರೆ. ಮಲೆನಾಡಿನವರಾದ ನಮಗೆ ಇದನ್ನು ವಿಶೇಷವಾಗಿ ಒತ್ತಿ ಹೇಳಬೇಕು, ಏಕೆಂದರೆ ಮಳೆಯ ಬಗ್ಗೆ ನಮಗಿರುವ ತಿಳಿವಳಿಕೆಯೇ ಅಲ್ಲಿ ನಮ್ಮನ್ನು ದಾರಿ ತಪ್ಪಿಸಬಲ್ಲದು. ಜುಲೈಯಲ್ಲಿ ಹಿಡಿಯುವ ಪುನರ್ವಸು, ಪುಷ್ಯ ಮಳೆಗಳು ನಮ್ಮಲ್ಲಿ ದಿನಗಟ್ಟಲೆ ಸುರಿದರೂ ಸಿಡಿಲಿನ ಅಬ್ಬರ ಕಡಿಮೆ. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುವುದು ಅದೇ ಮಳೆಯಲ್ಲಿ. ಆದ್ದರಿಂದ ಜುಲೈ ಮಳೆಯೆಂದರೆ ನೆನೆಯುವುದಷ್ಟೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆಲ್ಪ್ಸ್‌ನ ಜುಲೈ ಮಧ್ಯಾಹ್ನಗಳನ್ನು ಹೋಲಿಸಬೇಕಾದದ್ದು ನಮ್ಮ ಭರಣಿ, ಕೃತ್ತಿಕೆಗಳ ಸಂಜೆಗೆ. ಬೆಳಗ್ಗೆ ಆಕಾಶ ತಿಳಿಯಾಗಿರುತ್ತದೆ. ಬಿಸಿಲಿಗೆ ಕಾದ ಇಳಿಜಾರುಗಳಿಂದ ತೇವಭರಿತ ಗಾಳಿ ಮೇಲೇರುತ್ತದೆ. ಹತ್ತಿಯ ರಾಶಿಯಂಥ ಮೋಡಗಳು ಹೊತ್ತೇರಿದಂತೆ ಗೋಪುರದ ಹಾಗೆ ಬೆಳೆಯುತ್ತವೆ. ಮಧ್ಯಾಹ್ನ ಕಳೆದ ಮೇಲೆ ಸಿಡಿಲು ಬೀಳತೊಡಗುತ್ತದೆ. ಭರಣಿ ಮಳೆಯ ಸಂಜೆ ಬೋಳುಗುಡ್ಡದ ನೆತ್ತಿಯಲ್ಲಿ ನೀವು ಹೇಗೆ ನಿಲ್ಲುವುದಿಲ್ಲವೋ, ಹಾಗೆಯೇ ಅಲ್ಲಿ ಮಧ್ಯಾಹ್ನ ಎರಡರ ನಂತರ ದಿಬ್ಬದ ಮೇಲೆ, ಆಸರೆಗೆ ಕಬ್ಬಿಣದ ಹಗ್ಗ ಕಟ್ಟಿದ ಜಾಗದಲ್ಲಿ ಇರಬಾರದು. ಗುಡುಗು ಕೇಳಿದರೆ ದಿಬ್ಬದ ನೆತ್ತಿ ಬಿಟ್ಟು ತಗ್ಗಿಗೆ ಇಳಿಯಬೇಕು, ಲೋಹದ ಹಗ್ಗ ಮುಟ್ಟಬಾರದು, ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲಬಾರದು.

ಹಿಂದಿನ ರಾತ್ರಿ ಕಾಂಡರ್‌ಸ್ಟೆಗ್‌ನಲ್ಲಿಯೇ ಉಳಿದು ಮೊದಲ ರೋಪ್‌ವೇ ಹಿಡಿದರೆ ಮಧ್ಯಾಹ್ನ ಎರಡರೊಳಗೆ ತಂಗುಮನೆಯಲ್ಲಿರಬಹುದು. ಮಧ್ಯಾಹ್ನ ಗುಡುಗು ಬರುವುದೆಂಬ ಮುನ್ಸೂಚನೆ ಇದ್ದರೆ ಮರುದಿನಕ್ಕೆ ಮುಂದೂಡಿ.

ದಾರಿಯ ಗುರುತುಗಳು ಸ್ಪಷ್ಟವಾಗಿವೆ. ಹಳದಿ ಫಲಕ ಮಾತ್ರ ಇದ್ದರೆ ಸಾಧಾರಣ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಕಡಿದಾದ, ಹೆಜ್ಜೆ ನೋಡಿ ಇಡಬೇಕಾದ ಪರ್ವತದ ದಾರಿ. ಬಿಳಿ-ನೀಲಿ-ಬಿಳಿ ಇದ್ದರೆ ಅದು ಪರಿಣತರಿಗೆ ಮಾತ್ರ. ನಿಮ್ಮದು ಎರಡನೆಯ ಬಗೆ. ಫಲಕಗಳು ತೋರಿಸುವುದು ಸಾಮಾನ್ಯವಾಗಿ ಕಿಲೋಮೀಟರನ್ನಲ್ಲ, ಗಂಟೆಯನ್ನು. ಅದರಲ್ಲಿ ಕುಳಿತು ಸುಧಾರಿಸಿಕೊಳ್ಳುವ ಹೊತ್ತು ಸೇರಿರುವುದಿಲ್ಲ. ಸರೋವರದ ಮೇಲಿನ ಸ್ಪಿಟ್ಜೆ ಸ್ಟೈ ಎಂಬ ಬಂಡೆಬೆಟ್ಟ ಜಾರುತ್ತಿರುವುದರಿಂದ ಅದರ ಕೆಳಗಿನ ಕೆಲವು ದಾರಿಗಳನ್ನು ಮುಚ್ಚಿದ್ದಾರೆ. ಹೊರಡುವ ದಿನ ಯಾವ ದಾರಿ ತೆರೆದಿದೆಯೆಂದು ನೋಡಿಕೊಂಡೇ ಹೊರಡಿ. ಜುಲೈ ಆರಂಭದಲ್ಲಿ ಕಣಿವೆದಾರಿಯ ಹತ್ತಿರ ಹಳೆಯ ಹಿಮ ಉಳಿದಿರುವುದುಂಟು. ತಂಗುಮನೆಗೆ ಫೋನ್ ಮಾಡಿದರೆ ದಾರಿಯ ಸ್ಥಿತಿಯನ್ನು ಹೇಳುತ್ತಾರೆ.

ನಮ್ಮ ಕಡೆ ಜಿಗಣೆ, ಕೆಸರುಗಳಿಗೆ ಹೊಂದುವ ಪ್ಲಾಸ್ಟಿಕ್ ಶೂ ಅಥವಾ ಗಂಬೂಟು ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಕೆಲಸಕ್ಕೆ ಬಾರವು. ಹಿಮ್ಮಡಿಗೆ ಹಿಡಿತ ಕೊಡುವ, ದಪ್ಪ ಅಟ್ಟೆಯ ಶೂಗಳನ್ನು ಇಲ್ಲಿಯೇ ಕೊಂಡು, ಎರಡು ತಿಂಗಳು ತೋಟದಲ್ಲಿ ತೊಟ್ಟು ಪಳಗಿಸಿಕೊಳ್ಳಿ. ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುವುದರಿಂದ ಕಾಂಡರ್‌ಸ್ಟೆಗ್‌ನಲ್ಲಿ 22 ಡಿಗ್ರಿ ಇದ್ದರೆ ಮೇಲೆ ಹನ್ನೊಂದರ ಆಸುಪಾಸು, ಗಾಳಿ ಬೀಸಿದರೆ ಇನ್ನೂ ಚಳಿ. ಬೇಸಿಗೆಯಲ್ಲೂ ಹಿಮ ಬೀಳಬಹುದು. ಉಣ್ಣೆಯ ಸ್ವೆಟರ್, ಟೊಪ್ಪಿ, ಮಳೆಕೋಟು, ಕಪ್ಪು ಕನ್ನಡಕ ಜೊತೆಗಿರಲಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 71 ಪ್ರತಿಶತ. ತುಸು ತಲೆನೋವು, ನಿದ್ದೆಗೇಡು ಸಹಜ. ತಲೆನೋವು ಹೆಚ್ಚಾಗಿ ವಾಂತಿ ಬಂದರೆ ಮಾತ್ರ ತಡಮಾಡದೆ ಕೆಳಗಿಳಿಯಬೇಕು. ರಕ್ತದೊತ್ತಡಕ್ಕೋ ಹೃದಯಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಮೊದಲೇ ಕೇಳಿ.

ತಂಗುಮನೆಯಲ್ಲಿ ಹಾಸಿಗೆಯನ್ನು ಮುಂಗಡ ಕಾಯ್ದಿರಿಸಬೇಕು. ಹೋಗಲಾಗದಿದ್ದರೆ ತಪ್ಪದೆ ತಿಳಿಸಬೇಕು, ಇಲ್ಲವಾದರೆ ದಾರಿಯಲ್ಲಿ ಏನಾದರೂ ಆಯಿತೇ ಎಂದು ಅವರು ಆತಂಕಪಡುತ್ತಾರೆ. ಸಸ್ಯಾಹಾರಿಗಳಾಗಿದ್ದರೆ ಕಾಯ್ದಿರಿಸುವಾಗಲೇ ಹೇಳಿ. ಹತ್ತಾರು ಜನ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುವ ವ್ಯವಸ್ಥೆ. ಹೊದಿಕೆ ಅವರದು, ಒಳಗೆ ಹಾಕಿಕೊಳ್ಳುವ ತೆಳುಬಟ್ಟೆಯ ಚೀಲ ನಿಮ್ಮದು. ಶೂಗಳನ್ನು ಬಾಗಿಲಲ್ಲೇ ಬಿಡಬೇಕೆಂಬ ನಿಯಮ ನಮಗೆ ಹೊಸದೇನಲ್ಲ. ಸಾಮಾನನ್ನು ಬಹುಮಟ್ಟಿಗೆ ಹೆಲಿಕಾಪ್ಟರಿನಲ್ಲಿ ತರುವುದರಿಂದ ಎಲ್ಲವೂ ದುಬಾರಿ, ಕುಡಿಯುವ ನೀರನ್ನೂ ಕೊಳ್ಳಬೇಕಾಗಬಹುದು. ಊರಿನಿಂದ ಒಯ್ದ ಶೇಂಗಾ ಚಿಕ್ಕಿ, ಹುರಿದ ಅವಲಕ್ಕಿ ದಾರಿಗೆ ಸಾಕಾಗುತ್ತವೆ. ಹಾಲಿನ ಸಿಹಿ, ತುಪ್ಪವನ್ನು ಮಾತ್ರ ಭಾರತದಿಂದ ಒಯ್ಯುವಂತಿಲ್ಲ.

ಪರ್ವತದಲ್ಲಿ ರಕ್ಷಣೆಗೆ ಬರುವ ಹೆಲಿಕಾಪ್ಟರಿಗೆ ಹಣ ತೆರಬೇಕಾಗುತ್ತದೆ; ಅದನ್ನು ಭರಿಸುವ ಪ್ರಯಾಣ ವಿಮೆಯನ್ನೇ ಮಾಡಿಸಿ. ತುರ್ತು ಕರೆಗೆ 112, ಸ್ವಿಸ್ ವಾಯುರಕ್ಷಣಾ ಸೇವೆಗೆ 1414. ಫೋನ್ ಸಿಗದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ನಿಮಿಷಕ್ಕೆ ಮೂರು ಸಲ ಉತ್ತರ ಕೇಳಿದರೆ ನಿಮ್ಮ ಕರೆ ಮುಟ್ಟಿದೆಯೆಂದು ಅರ್ಥ.

ಮಗಳಿಗೆ ರಜೆ ಒಂದೇ ದಿನ ಸಿಗುವುದಾದರೆ ತಂಗುಮನೆಯನ್ನು ಬಿಟ್ಟುಬಿಡಿ. ರೋಪ್‌ವೇ ನಿಲ್ದಾಣದಿಂದ ಹೊಯ್‌ಬೆರ್ಗ್ ಮಾರ್ಗವಾಗಿ 1,978 ಮೀಟರಿನ ಓಬರ್‌ಬೆರ್ಗ್ಲಿ ಹುಲ್ಲುಗಾವಲಿಗೆ ಹೋಗಿ, ಸರೋವರದ ದಂಡೆಗೆ ಇಳಿದು ಸುತ್ತಿ ಬರುವ ದಾರಿ ನಾಲ್ಕು ಗಂಟೆಯ ಒಳಗಿನದು. ಎತ್ತರದಲ್ಲಿ ಮುಳ್ಳಯ್ಯನಗಿರಿಗೆ ಹೆಚ್ಚುಕಡಿಮೆ ಸಮವಾದ ಆ ಜಾಗದಿಂದ ಬ್ಲೂಮ್ಲಿಸಾಲ್ಪ್‌ನ ಹಿಮಶಿಖರಗಳು ಎದುರಿಗೇ ಕಾಣುತ್ತವೆ. ಅಲ್ಲಿ ಊಟ ಮಾಡಿ ಇಳಿದರೂ ಗುಡುಗಿಗೆ ಮುಂಚೆ ಸರೋವರದ ಬಳಿ ಇರುತ್ತೀರಿ.