‘ಇನ್ನೂ ಯೋಚನೆ ಮಾಡ್ತಿದ್ದೀನಿ ಸರ್’: ಇದು ಯೋಚನೆಯಾ, ಮುಂದೂಡಿಕೆಯಾ?

ಪ್ರಶ್ನೆ: ಸರ್, ಬಿಎಡ್ ಮುಗಿಸಿ ಎರಡು ವರ್ಷ ಆಯ್ತು. ಧಾರವಾಡಕ್ಕೆ ಹೋಗಿ ಟೀಚರ್ ಪರೀಕ್ಷೆಗೆ ಓದಲಾ, ಸಿಂಧನೂರಲ್ಲೇ ಖಾಸಗಿ ಶಾಲೆಗೆ ಸೇರಲಾ? ಆತುರ ಬೇಡ ಅಂತಾರೆ ಎಲ್ಲರೂ. ಇನ್ನೂ ಎಷ್ಟು ದಿನ ಯೋಚನೆ ಮಾಡಬೇಕು?

ತಿಂಗಳಿಗೆ ನಾಲ್ಕು ಸಲ ಈ ಪ್ರಶ್ನೆ ಬರುತ್ತೆ. ಗಂಗಾವತಿಯಿಂದ ಬಂದರೆ ಬಿಎಡ್ ಬದಲು ನರ್ಸಿಂಗ್, ಮಾನ್ವಿಯಿಂದ ಬಂದರೆ ಮದುವೆ, ಅಷ್ಟೇ ವ್ಯತ್ಯಾಸ.

ಉತ್ತರ ಚಿಕ್ಕದು. ಹೋದ ವಾರ ಗೊತ್ತಿಲ್ಲದ ಒಂದು ವಿಷಯ ಈ ವಾರ ಗೊತ್ತಾಗಿದ್ದರೆ ಅದು ಯೋಚನೆ. ಧಾರವಾಡದಲ್ಲಿ ರೂಮಿನ ಬಾಡಿಗೆ ಎಷ್ಟು, ಆ ಶಾಲೆಯಲ್ಲಿ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಾ, ಇಲ್ಲಾ ‘ನನಗೆ ಪಾಠ ಮಾಡೋದೇ ಇಷ್ಟ ಇಲ್ಲ’ ಅನ್ನೋ ಸತ್ಯ, ಏನಾದರೂ ಒಂದು. ಅವೇ ಎರಡು ಮಾತು ಗಾಣದ ಎತ್ತಿನ ಹಾಗೆ ತಲೆಯಲ್ಲಿ ಸುತ್ತುತ್ತಿದ್ದರೆ ಅದು ಮುಂದೂಡಿಕೆ. ಫೋನ್ ಮನೆಯಲ್ಲಿಟ್ಟು ಕಾಲುವೆ ದಂಡೆ ಮೇಲೆ ಒಬ್ಬರೇ ನಡೆಯೋದು ಒಳ್ಳೇದು, ನಾನೂ ನಡೀತೀನಿ. ಆದರೆ ಮನೆಗೆ ಬಂದ ಮೇಲೆ ಯಾರಿಗಾದರೂ ಒಂದು ಫೋನ್ ಮಾಡಬೇಕು ಅಂತ ಅನಿಸದಿದ್ದರೆ ಅದು ಬರೀ ವಾಕಿಂಗ್.

ಈಗ ನನಗೆ ಸಿಟ್ಟು ತರಿಸುವ ಮಾತಿಗೆ ಬರ್ತೀನಿ. ‘ಮನಸ್ಸಿಗೆ ಪೂರ್ತಿ ಖಾತ್ರಿ ಆಗಲಿ ಸರ್, ಆಮೇಲೆ.’ ಎಷ್ಟು ಸಲ ಹೇಳಲಿ, ಆಗಲ್ಲ! 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋಯಿತಲ್ಲ, ನೆನಪಿದೆ ಅಲ್ವಾ? ನೀರು ಕೆಳಗಿಳಿದ ಮೇಲೆಯೇ ಗೇಟಿಗೆ ಕೈ ಹಾಕಬೇಕು ಅನ್ನೋ ಮಾತೂ ಇತ್ತು. ಹಾಗೆ ಕಾದಿದ್ದರೆ ನಮ್ಮ ಗದ್ದೆಯ ನೀರು ಹೊಳೆ ಪಾಲಾಗ್ತಿತ್ತು. ತಜ್ಞರು ಲೆಕ್ಕ ಹಾಕಿದರು, ಗೇಟಿನ ಜಾಗದಲ್ಲಿ ನೀರು ತಡೆಯುವ ಉಕ್ಕಿನ ಹಲಗೆ, ಅಂದರೆ ಸ್ಟಾಪ್‌ಲಾಗ್ ಮಾಡಿಸಿದರು, ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಇಳಿಸಿದರು. ಅವರಿಗೆ ಅನುಮಾನ ಇರಲಿಲ್ಲ ಅಂದುಕೊಂಡಿರಾ? ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆ ಕಾಲುವೆಗೆ ನೀರು ಬಿಡುವ ದಿನ ಹೇಳುವ ಮೊದಲೇ ಬೋರ್ ಇದ್ದ ನಿಮ್ಮ ಪಕ್ಕದ ಹೊಲದವರು ಭತ್ತದ ಸಸಿ ಹಾಕಿರ್ತಾರೆ, ಅವರಿಗೇನು ಖಾತ್ರಿ ಇತ್ತು? ಎಲ್ಲ ತಿಳಿದುಕೊಂಡು ಅತ್ಯುತ್ತಮವಾದುದನ್ನೇ ಆರಿಸುವ ಶಕ್ತಿ ಮನುಷ್ಯನಿಗಿಲ್ಲ, ಸಾಕು ಅನ್ನುವಷ್ಟು ಒಳ್ಳೇದು ಸಿಕ್ಕಾಗ ಹುಡುಕಾಟ ನಿಲ್ಲಿಸ್ತಾನೆ ಅಂತ ಹೇಳಿದ ಹರ್ಬರ್ಟ್ ಸೈಮನ್ ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ರೈತರಿಗೆ ಯಾರೂ ಕೊಡಲಿಲ್ಲ, ಇರಲಿ.

‘ತಾಳಿದವನು ಬಾಳಿಯಾನು’ ಅಂತ ಗಾದೆ ಹೇಳಿ ನನ್ನ ಬಾಯಿ ಮುಚ್ಚಿಸಬೇಡಿ. ಅದು ಕಷ್ಟ ತಾಳಿಕೊಳ್ಳುವ ಮಾತು, ಅರ್ಜಿ ಹಾಕೋದನ್ನ ತಾಳುವ ಮಾತಲ್ಲ. ನೀವು ಸುಮ್ನೆ ಕೂತರೂ ಜೂನ್ ಬರುತ್ತೆ, ಆ ಶಾಲೆಯವರು ಬೇರೆಯವರನ್ನ ತಗೋತಾರೆ, ವಯಸ್ಸೂ ಕಾಯಲ್ಲ.

ಇನ್ನೊಂದು, ಎಲ್ಲಕ್ಕೂ ಒಂದೇ ಅಳತೆ ಬೇಡ. ಶಾಲೆ ಕೆಲಸ ಮುಂದಿನ ವರ್ಷ ಬಿಡಬಹುದು, ಅದಕ್ಕೆ ಎಂಟು ದಿನ ಜಾಸ್ತಿಯೇ ಆಯ್ತು. ಹೊಲ ಮಾರೋದು, ಮದುವೆ, ಇವಕ್ಕೆ ತಿಂಗಳು ಹಿಡಿಯಲಿ.

ಹಾಗಾದರೆ ದೇವರ ಮುಂದೆ ಹೂ ಕೇಳೋದು? ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ನಾನು ಅದನ್ನ ಗೇಲಿ ಮಾಡಲ್ಲ. ನಮ್ಮ ಅವ್ವ ಎಮ್ಮೆ ಮಾರಬೇಕಾ ಅಂತ ಹೂ ಕೇಳಿದಳು. ಬಲಗಡೆ ಬಿತ್ತು, ಮಾರು ಅಂತ. ಅವ್ವನ ಮುಖ ಸಪ್ಪಗಾಯಿತು. ‘ಹೂ ಸರಿಯಾಗಿ ಹಚ್ಚಿರಲಿಲ್ಲ, ಇನ್ನೊಮ್ಮೆ ಕೇಳೋಣ’ ಅಂದಳು. ಎರಡನೇ ಸಲವೂ ಬಲಗಡೆಯೇ. ‘ಪೂಜಾರಪ್ಪ, ಗಾಳಿ ಭಾಳ ಐತಿ’ ಅಂದಳು. ಪೂಜಾರಪ್ಪನವರು ನಕ್ಕು, ‘ಹೋಗವ್ವ, ಎಮ್ಮೆಗೆ ಮೇವು ಹಾಕು’ ಅಂದರು.