ಬೆಳಗ್ಗೆ ಎಂಟೂವರೆಗೆ ಒಂದು ಕೆಲಸ

ನಿವೃತ್ತರಾದ ಮೊದಲ ಎರಡು ತಿಂಗಳು ಯಾರಿಗೂ ಕಷ್ಟವಾಗುವುದಿಲ್ಲ. ಪಿಂಚಣಿ ಕಾಗದಪತ್ರ, ಧರ್ಮಸ್ಥಳ, ಮಗಳ ಮನೆ ಎಂದು ದಿನ ಕಳೆಯುತ್ತದೆ. ಮೂರನೇ ತಿಂಗಳಿಂದ ದಿನಪತ್ರಿಕೆಯನ್ನು ಎರಡು ಸಲ ಓದುವುದು ಶುರುವಾಗುತ್ತದೆ. ಆಗ ಸಿಗುವ ಸಲಹೆ ಒಂದೇ: 'ಏನಾದರೂ ಹವ್ಯಾಸ ಇಟ್ಟುಕೊಳ್ಳಿ'. ಯಾವ ಹವ್ಯಾಸ ಉಳಿಯುತ್ತದೆ, ಯಾವುದು ಹದಿನೈದು ದಿನಕ್ಕೆ ಅಟ್ಟ ಸೇರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಅಮೆರಿಕದ ಡಲ್ಲಾಸ್‌ನಲ್ಲಿ ಮನೋವಿಜ್ಞಾನಿ ಡೆನಿಸ್ ಪಾರ್ಕ್ ಅವರ ತಂಡ ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಪರೀಕ್ಷಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿತು. 60ರಿಂದ 90 ವರ್ಷದ 221 ಜನರನ್ನು ಗುಂಪು ಮಾಡಿ, ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಬೇರೆಬೇರೆ ಕೆಲಸಕ್ಕೆ ಹಚ್ಚಿದರು. ಕೆಲವರು ಡಿಜಿಟಲ್ ಛಾಯಾಗ್ರಹಣ ಕಲಿತರು, ಕೆಲವರು ನಮ್ಮ ಕೌದಿಯಂಥ ಹೊದಿಕೆ ಹೊಲಿಯುವುದನ್ನು ಕಲಿತರು, ಕೆಲವರು ಎರಡನ್ನೂ ಕಲಿತರು. ಇನ್ನೊಂದು ಗುಂಪು ಸೇರಿ ಹರಟಿತು, ಆಟವಾಡಿತು, ಪ್ರವಾಸ ಹೋಯಿತು. ನೆನಪಿನ ಶಕ್ತಿ ಸುಧಾರಿಸಿದ್ದು ಹೊಸದನ್ನು ಕಲಿತವರಲ್ಲಿ. ಹರಟೆ ಮನಸ್ಸಿಗೆ ಹಿತ, ಸರಿ. ಆದರೆ ಮಿದುಳಿಗೆ ಸ್ವಲ್ಪ ತಿಣುಕುವ ಕೆಲಸವೂ ಬೇಕು.

ಇದಕ್ಕೆ ಇನ್ನೆರಡು ಗುಣ ಸೇರಿಸಬೇಕು. ಕೆಲಸ ದಿನಾ ಒಂದೇ ಹೊತ್ತಿಗೆ ಬಂದು ನಿಲ್ಲಬೇಕು. ಒಂದು ದಿನ ತಪ್ಪಿಸಿದರೆ ಏನೋ ನಷ್ಟವಾಗಬೇಕು. ಕಚೇರಿ ಮನುಷ್ಯನನ್ನು ಮೂವತ್ತೈದು ವರ್ಷ ಹಿಡಿದಿಟ್ಟದ್ದು ಈ ಎರಡೇ. ಚಿತ್ರದುರ್ಗ, ದಾವಣಗೆರೆಗಳಲ್ಲಿ ಈ ಮೂರೂ ಗುಣ ಇರುವ, ಖರ್ಚು ತೀರಾ ಕಡಿಮೆ ಇರುವ ಕೆಲಸವೆಂದರೆ ಮನೆಯಂಗಳದ ಮಳೆ ಅಳೆಯುವುದು.

ಇಲ್ಲೇ ಏಕೆ? ಪಶ್ಚಿಮಘಟ್ಟದ ಮಳೆನೆರಳಿನ ಸೀಮೆ ಇದು. ಜೂನ್, ಜುಲೈಯಲ್ಲಿ ಮೋಡ ತಲೆಯ ಮೇಲೆಯೇ ಹಾದುಹೋಗುತ್ತದೆ, ಬೀಳುವ ಹನಿ ಕಡಿಮೆ. ದೊಡ್ಡ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಸಂಜೆಯ ಗುಡುಗು ಮಳೆಯಾಗಿ. ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರು. ಹಾಗಾಗಿ ದಾವಣಗೆರೆಯ ವಿದ್ಯಾನಗರ ತೊಯ್ದು ತೊಪ್ಪೆಯಾದ ಸಂಜೆ ಪಿ.ಜೆ. ಬಡಾವಣೆಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ತಾಲ್ಲೂಕಿಗೊಂದು ಸರಾಸರಿ ಹೇಳಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ವರ್ಷದಿಂದ ವರ್ಷಕ್ಕೂ ಅಷ್ಟೇ ಏರುಪೇರು: ಹಿರಿಯೂರು ಬಳಿಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಮಳೆಮಾಪಕ ಕೊಳ್ಳಬಹುದು, ಆದರೆ ಮಾಡಿಕೊಳ್ಳುವುದೇ ಮೇಲು. ಮಾಡಿದವರಿಗೆ ಅದರ ದೋಷಗಳೂ ಗೊತ್ತಿರುತ್ತವೆ. ಬೇಕಾಗುವುದು ಆರಿಂಚಿನ ಪಿವಿಸಿ ಪೈಪಿನ 10 ಸೆಂಟಿಮೀಟರ್ ಎತ್ತರದ ಒಂದು ತುಂಡು, ಅದರೊಳಗೆ ಬಿಗಿಯಾಗಿ ಕೂರುವ ಲಾಳಿಕೆ, 5 ಲೀಟರಿನ ಎಣ್ಣೆ ಕ್ಯಾನು, ಕ್ಯಾನು ಹಿಡಿಸುವ ಬಕೆಟ್ಟು, ಸ್ವಲ್ಪ ಎಂ-ಸೀಲ್. ಪೈಪಿನ ತುಂಡು ಯಾಕೆಂದರೆ ಬರೀ ಲಾಳಿಕೆಯ ಇಳಿಜಾರಿಗೆ ಬಿದ್ದ ದಪ್ಪ ಹನಿ ಸಿಡಿದು ಆಚೆ ಹೋಗುತ್ತದೆ. ನೆಟ್ಟಗಿನ ಅಂಚು ಅದನ್ನು ತಡೆಯುತ್ತದೆ. ಪೈಪಿನ ಮೇಲಂಚನ್ನು ಹೊರಗಡೆಯಿಂದ ಉಪ್ಪುಕಾಗದದಲ್ಲಿ ಉಜ್ಜಿ ಚೂಪು ಮಾಡಿ, ಲಾಳಿಕೆಯನ್ನು ಒಳಗೆ ಕೂರಿಸಿ, ಸಂದಿಗೆ ಎಂ-ಸೀಲ್ ಮೆತ್ತಿ ಒಂದು ದಿನ ಒಣಗಲು ಬಿಡಿ. ಆಮೇಲೆ ಕ್ಯಾನನ್ನು ಬಕೆಟ್ಟಿನೊಳಗಿಟ್ಟು, ಲಾಳಿಕೆಯ ಕಂಠವನ್ನು ಕ್ಯಾನಿನ ಬಾಯಿಗೆ ಇಳಿಸಿ.

ಇನ್ನು ಲೆಕ್ಕ. ಪೈಪಿನ ಒಳವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಅಂಗಡಿಯವರು ಹೇಳುವ 160 ಮಿಲಿಮೀಟರ್ ಹೊರವ್ಯಾಸ. ಗೋಡೆಯ ದಪ್ಪಕ್ಕೆ ತಕ್ಕಂತೆ ಒಳಗಿನದು ಕಡಿಮೆ. ಒಳವ್ಯಾಸವನ್ನು ಸೆಂಟಿಮೀಟರಿನಲ್ಲಿ ಹಿಡಿದು ಅದರಿಂದಲೇ ಗುಣಿಸಿ, ಬಂದದ್ದನ್ನು 0.0785ರಿಂದ ಗುಣಿಸಿದರೆ 1 ಮಿಲಿಮೀಟರ್ ಮಳೆಗೆ ಎಷ್ಟು ಮಿಲಿಲೀಟರ್ ನೀರು ಎಂಬುದು ಸಿಗುತ್ತದೆ. 15.2 ಸೆಂಟಿಮೀಟರ್ ಇದ್ದರೆ 18.1 ಮಿಲಿಲೀಟರ್. ಅದನ್ನೇ 16 ಎಂದು ಹಿಡಿದರೆ ವರ್ಷವಿಡೀ ಮಳೆ ನೂರಕ್ಕೆ ಹತ್ತರಷ್ಟು ಕಡಿಮೆ ಬರೆದಂತಾಗುತ್ತದೆ. ಗಾಜಿನ ಅಳತೆಪಾತ್ರೆ ಹುಡುಕಬೇಕಿಲ್ಲ. 1 ಮಿಲಿಲೀಟರ್ ನೀರು 1 ಗ್ರಾಂ ತೂಗುವುದರಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಖಾಲಿ ಕ್ಯಾನಿನ ತೂಕವನ್ನು ಮಾರ್ಕರಿನಲ್ಲಿ ಅದರ ಮೈಮೇಲೆಯೇ ಬರೆದಿಡಿ. ನೀರಿನ ತೂಕ 412 ಗ್ರಾಂ ಬಂತೆನ್ನಿ, 18.1ರಿಂದ ಭಾಗಿಸಿದರೆ 22.8 ಮಿಲಿಮೀಟರ್.

ಎಲ್ಲಿ ಇಡುವುದು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ತಾರಸಿ ಸುಲಭ, ಆದರೆ ಬೇಡ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಯಂತ್ರ ನೆಟ್ಟ ಸೀಮೆ ಇದು. ಎತ್ತರಕ್ಕೆ ಹೋದಷ್ಟೂ ಗಾಳಿ ಜೋರು, ಮಾಪಕದ ಬಾಯಿಯ ಮೇಲೆ ಅದು ಇನ್ನೂ ವೇಗವಾಗಿ ಬೀಸಿ ಸಣ್ಣ ಹನಿಗಳನ್ನು ಹೊತ್ತೊಯ್ಯುತ್ತದೆ. ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರಲಿ. ಅದಕ್ಕಿಂತ ಕೆಳಗಿದ್ದರೆ ನೆಲದ ನೀರು ಚಿಮ್ಮಿ ಒಳಗೆ ಬೀಳುತ್ತದೆ. ಗೋಡೆ, ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬೇಕು, ಜಾಗವಿದ್ದರೆ ನಾಲ್ಕು ಪಟ್ಟು. ಮೂವತ್ತು-ನಲವತ್ತರ ಸೈಟಿನಲ್ಲಿ ಇದು ಆಗದ ಮಾತು. ಪಕ್ಕದ ಖಾಲಿ ಸೈಟು, ದೇವಸ್ಥಾನದ ಬಯಲು, ಶಾಲೆಯ ಆವರಣ ಕೇಳಿನೋಡಿ. ಬಕೆಟ್ಟನ್ನು ಅರ್ಧ ಹೂತು ತಳಕ್ಕೆ ತೂತು ಕೊರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ದೊಡ್ಡ ಮಳೆಯಲ್ಲಿ ಕ್ಯಾನು ತೇಲಿ ಮಗುಚುತ್ತದೆ. ಲಾಳಿಕೆಯ ಕಂಠಕ್ಕೆ ಬೇವಿನೆಲೆ, ಕಾಗೆ ಹಿಕ್ಕೆ, ಇರುವೆ ಮಣ್ಣು ಕಟ್ಟಿಕೊಳ್ಳುವುದು ಬೇಸಿಗೆಯಲ್ಲಿ ಹೆಚ್ಚು. ಮೊದಲ ಮುಂಗಾರುಪೂರ್ವ ಮಳೆಯೇ ತಪ್ಪಿಹೋಗುವುದು ಹೀಗೆ.

ಅಳೆಯುವ ಹೊತ್ತು ಬೆಳಗ್ಗೆ 8.30. ಹವಾಮಾನ ಇಲಾಖೆಯ ದಿನ ಶುರುವಾಗುವುದು ಆಗಲೇ. ನಿನ್ನೆ ಸಂಜೆ ಸುರಿದದ್ದನ್ನೂ ಇವತ್ತಿನ ತಾರೀಖಿಗೇ ಬರೆಯಬೇಕು. ಮಳೆ ಇಲ್ಲದ ದಿನ 0.0 ಎಂದೇ ಬರೆಯಿರಿ, ಜಾಗ ಖಾಲಿ ಬಿಡಬೇಡಿ. ಊರಲ್ಲಿರದ ದಿನಕ್ಕೆ ಸೊನ್ನೆ ಹಾಕುವುದು ಮಾತ್ರ ದೊಡ್ಡ ಅಪರಾಧ. ಅಳೆಯದ್ದು ಬೇರೆ, ಮಳೆ ಬಾರದ್ದು ಬೇರೆ. ಮೂರು ದಿನ ಬಿಟ್ಟು ಬಂದು ನೋಡಿದರೆ 'ಮೂರು ದಿನದ ಒಟ್ಟು' ಎಂದು ಬರೆಯಿರಿ, ಹಂಚಬೇಡಿ. ಬೆಂಗಳೂರಿಗೆ ಮಗನ ಮನೆಗೆ ಹೋಗುವಾಗ ಪಕ್ಕದ ಮನೆಯ ಹುಡುಗಿಗೆ ತಕ್ಕಡಿ ಕೊಟ್ಟುಹೋದರೆ ಎರಡು ತಲೆಮಾರಿಗೆ ಕೆಲಸ.

ಇಷ್ಟಕ್ಕೆ ದಿನಕ್ಕೆ ಐದು ನಿಮಿಷ ಸಾಕು, ಮಿದುಳಿಗೆ ತಿಣುಕಾಟವೇನೂ ಇಲ್ಲ. ಅದು ಶುರುವಾಗುವುದು ಅಂಕಿಗಳು ಕೂಡಿಬಂದ ಮೇಲೆ. ಮೊದಲ ಲೆಕ್ಕ ಮಳೆದಿನಗಳದ್ದು: 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ಮಳೆದಿನ. ಎರಡು ವರ್ಷದ ಒಟ್ಟು ಮಳೆ ಒಂದೇ ಇದ್ದು, ಮಳೆದಿನ ಒಂದರಲ್ಲಿ 45, ಇನ್ನೊಂದರಲ್ಲಿ 25 ಆಗಿದ್ದರೆ ರೈತನಿಗೆ ಅವು ಒಂದೇ ವರ್ಷವಲ್ಲ. ಆಮೇಲೆ ಚಾವಣಿ ಲೆಕ್ಕ. 1000 ಚದರಡಿ ತಾರಸಿಗೆ 20 ಮಿಲಿಮೀಟರ್ ಬಿದ್ದರೆ ಸುಮಾರು 1,860 ಲೀಟರ್. ಐದನೇ ಒಂದು ಪಾಲು ಸೋರಿ, ಆರಿ ಹೋಯಿತೆಂದರೂ ಸುಮಾರು 1,490 ಲೀಟರ್ ಸಂಪಿಗೆ ಇಳಿಯಬೇಕು. ಇಳಿಯಲಿಲ್ಲವೆಂದರೆ ಪೈಪು ಕಟ್ಟಿದೆ.

ಮಳೆ ನಕ್ಷತ್ರಗಳ ಲೆಕ್ಕ ಇನ್ನೂ ಸ್ವಾರಸ್ಯ. ಸೂರ್ಯ ಒಂದು ನಕ್ಷತ್ರದಲ್ಲಿ ಇರುವುದು ಹದಿಮೂರು-ಹದಿನಾಲ್ಕು ದಿನ. ಪಂಚಾಂಗ ನೋಡಿ ನಿಮ್ಮ ಪುಸ್ತಕದಲ್ಲಿ ಗೆರೆ ಎಳೆದರಾಯಿತು. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಎನ್ನುತ್ತಾರೆ. ಮೇ 25ರ ಸುಮಾರಿಗೆ ಹುಟ್ಟುವ ರೋಹಿಣಿ ನಿಮ್ಮ ಓಣಿಗೆ ಎಷ್ಟು ಕೊಟ್ಟಿತು, ಹುಬ್ಬೆ, ಉತ್ತರೆ ಎಷ್ಟು ಕೊಟ್ಟವು ಎಂದು ಸಾಲಾಗಿ ಬರೆದು ನೋಡಿ. ಒಂದೆರಡು ವರ್ಷಕ್ಕೆ ಗಾದೆಯನ್ನು ಸುಳ್ಳೆನ್ನಲೂ ಬಾರದು, ನಿಜವೆನ್ನಲೂ ಬಾರದು. ಹತ್ತು ವರ್ಷದ ಅಂಕಿಗಳಾದರೆ ಮಾತಾಡಬಹುದು. ನಿಮ್ಮ ಅಂಕಿಯನ್ನು ಹೋಲಿಸಲು ಸರ್ಕಾರ ಪ್ರಕಟಿಸುವ ಪ್ರತಿ ಜಿಲ್ಲೆಯ 'ಅಂಕಿ ಅಂಶಗಳ ನೋಟ'ದಲ್ಲಿ ತಾಲ್ಲೂಕುವಾರು ಮಳೆ ಸಿಗುತ್ತದೆ.

ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗಿಗೆ ಬರುವ ಗುಂಪಿನಲ್ಲಿ ಬೇರೆಬೇರೆ ಬಡಾವಣೆಯ ಹತ್ತು ಜನ ಅಳೆಯತೊಡಗಿದರೆ ಊರಿನ ಮಳೆನಕ್ಷೆಯೇ ಬರೆಯಬಹುದು. ನಕ್ಷೆಯ ಮೇಲೆ ಅಂಕಿಗಳನ್ನು ಗುರುತಿಸಿ, 10 ಮಿಲಿಮೀಟರ್ ಎಲ್ಲೆಲ್ಲಿ ಹಾಯಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ, ಆಮೇಲೆ 20, 30. ಒಬ್ಬರ ಅಂಕಿ ಮಾತ್ರ ಸುತ್ತಲಿನವರಿಗಿಂತ ಪ್ರತಿ ಸಲವೂ ಕಡಿಮೆ ಬರುತ್ತಿದ್ದರೆ ಮೋಡವನ್ನು ದೂರುವ ಮೊದಲು ಅವರ ಮನೆಗೆ ಹೋಗಿ ಲಾಳಿಕೆಯ ಕಂಠ ನೋಡಿ.